ಹಳಿ ಮೇಲಿನ ಪಟಾಕಿ

ನಮ್ಮಜ್ಜ ಅರಸೀಕೆರೆ ಕಡೆ ಮೀಟರ್‌ಗೇಜ್ ಕಾಲದ ಗ್ಯಾಂಗ್‌ಮನ್. ಅವರ ಕೆಲಸದ ಚೀಲದಲ್ಲಿ ಕೆಂಪು ಬಾವುಟ, ಹಸಿರು ಬಾವುಟ, ಒಂದು ತಗಡಿನ ಡಬ್ಬಿ. ಡಬ್ಬಿ ಮುಟ್ಟಿದ್ರೆ ನಮಗೆ ಬೆನ್ನಿಗೆ ಬೀಳ್ತಿತ್ತು. ಅದರೊಳಗೆ ಇದ್ದದ್ದು ಡಿಟೊನೇಟರ್. ಅಜ್ಜನ ಬಾಯಲ್ಲಿ 'ಪಟಾಕಿ'.

1841ರಲ್ಲಿ ಇಂಗ್ಲೆಂಡಿನ ಇಂಜಿನಿಯರ್ ಎಡ್ವರ್ಡ್ ಆಲ್ಫ್ರೆಡ್ ಕೌಪರ್ ಇದನ್ನು ಕಂಡುಹಿಡಿದದ್ದು ಮಂಜಿಗಾಗಿ. ಸಿಗ್ನಲ್ ಕಣ್ಣಿಗೆ ಕಾಣದಿದ್ದರೆ ಕಿವಿಗಾದರೂ ಕೇಳಲಿ ಅಂತ. ಬಿಲ್ಲೆಯನ್ನು ಹಳಿ ಮೇಲಿಟ್ಟು ಪಟ್ಟಿ ಮಡಚಿದರಾಯ್ತು, ಗಾಲಿ ಹತ್ತಿದೊಡನೆ ಢಂ! ಹಳಿ ಮುರಿದಾಗಲೂ ಇದೇ ಗತಿ. ನಮ್ಮ ಬ್ರಾಡ್‌ಗೇಜ್ ನಿಯಮದಲ್ಲಿ ಅಡ್ಡಿಯಿಂದ 600 ಮೀಟರಿಗೆ ಒಂದು, 1,200 ಮೀಟರಿಗೆ ಹತ್ತತ್ತು ಮೀಟರ್ ಅಂತರದಲ್ಲಿ ಮೂರು. ಯಾಕಷ್ಟು ದೂರ? ರೈಲು ಬ್ರೇಕ್ ಹಾಕಿದ ಜಾಗದಲ್ಲೇ ನಿಲ್ಲೋದಿಲ್ಲವಲ್ಲ.

ಆದರೆ ಗಮನಿಸಿ, ಪಟಾಕಿ ಎಚ್ಚರಿಸೋದು ಡ್ರೈವರನ್ನು, ಹಳಿ ಮೇಲೆ ಬಗ್ಗಿ ಕೆಲಸ ಮಾಡೋನನ್ನಲ್ಲ. ಅವನ ಜೀವ ವಿಸಿಲ್ ಹಿಡಿದು ನಿಂತ ಜೊತೆಗಾರನ ಕೈಯಲ್ಲಿ. ಉಗಿ ಇಂಜಿನ್ ದೂರದಿಂದಲೇ ಏದುಸಿರು ಬಿಡ್ತಾ ಬರ್ತಿತ್ತು. ಕರೆಂಟ್ ಇಂಜಿನ್ ಹೆಚ್ಚು ಸದ್ದಿಲ್ಲದೆ ಬರುತ್ತೆ. ಜೋಡಿಹಳಿ ಇದ್ದಲ್ಲಿ ಅಪಾಯವೂ ಜೋಡಿ. ಒಂದು ರೈಲಿಗೆ ದಾರಿ ಬಿಡಲು ಪಕ್ಕದ ಹಳಿಗೆ ಕಾಲಿಟ್ಟವನಿಗೆ, ಆ ಗದ್ದಲದಲ್ಲಿ ಇನ್ನೊಂದು ರೈಲು ಬರೋದು ಕೇಳಿಸೋದೇ ಇಲ್ಲ. ಎರಡೂ ಹಳಿ ಬಿಟ್ಟು ಆಚೆ ನಿಲ್ಲಬೇಕು.

ವಿಸಿಲ್ ಊದಿದ ಮೇಲೂ "ಇನ್ನೊಂದೇ ಏಟು" ಅಂದ ಜೊತೆಗಾರನೊಬ್ಬನನ್ನು ಅಜ್ಜ ಹೊತ್ತು ತಂದಿದ್ದರಂತೆ. ಆಮೇಲೆ ರಿಟೈರ್ ಆಗೋ ತನಕ ತಮ್ಮ ಗ್ಯಾಂಗಿನ ವಿಸಿಲನ್ನು ಬೇರೆಯವರ ಕೈಗೆ ಕೊಡಲಿಲ್ಲ.