ಮರುಭೇಟಿಯ ಲೆಕ್ಕ: ರಾಜ್ಯಮಟ್ಟದ ಮಧುಮೇಹ ಯೋಜನೆಯ ಅಳತೆಗೋಲಿನ ಬಗ್ಗೆ ಒಂದು ಟಿಪ್ಪಣಿ

ಮಧುಮೇಹದ ಸರ್ಕಾರಿ ಕಾರ್ಯಕ್ರಮಗಳ ಪ್ರಗತಿ ವರದಿಗಳಲ್ಲಿ ಮೊದಲು ಕಣ್ಣಿಗೆ ಬೀಳುವುದು ಸಾಮಾನ್ಯವಾಗಿ ತಪಾಸಣೆಗೆ ಒಳಗಾದವರ ಸಂಖ್ಯೆ. ಇಷ್ಟು ಲಕ್ಷ ಜನರ ರಕ್ತಪರೀಕ್ಷೆಯಾಯಿತು, ಇಷ್ಟು ಸಾವಿರ ಜನರಲ್ಲಿ ಸಕ್ಕರೆ ಅಂಶ ಹೆಚ್ಚಿತ್ತು ಎಂಬಲ್ಲಿಗೆ ಆ ಸಾಲು ಮುಗಿಯುತ್ತದೆ. ಹಾಗೆ ಪತ್ತೆಯಾದವರಲ್ಲಿ ಎಷ್ಟು ಮಂದಿ ಮುಂದಿನ ತಿಂಗಳು ಮಾತ್ರೆಗೆ ಬಂದರು, ವರ್ಷ ಕಳೆದ ಮೇಲೆ ಎಷ್ಟು ಮಂದಿಯ ಸಕ್ಕರೆ ಹತೋಟಿಯಲ್ಲಿದೆ ಎಂಬುದು ಬೇರೆಯದೇ ಪ್ರಶ್ನೆ. ಕರ್ನಾಟಕ ಮತ್ತು ನೆರೆಯ ರಾಜ್ಯಗಳ ಅನುಭವವನ್ನು ಮುಂದಿಟ್ಟುಕೊಂಡು ಈ ಟಿಪ್ಪಣಿ ಹೇಳಹೊರಟಿರುವುದು ಇಷ್ಟೆ: ಹಣ, ಸಿಬ್ಬಂದಿ, ಔಷಧಿ ಮೂರರ ಲೆಕ್ಕವನ್ನೂ ರಾಜ್ಯದ ಯೋಜನೆ ಈ ಎರಡನೆಯ ಪ್ರಶ್ನೆಯಿಂದಲೇ ಶುರುಮಾಡಬೇಕು.

ಕಾಯಿಲೆಯ ಗಾತ್ರದ ಬಗ್ಗೆ ನಮ್ಮಲ್ಲಿರುವ ಗಟ್ಟಿ ಆಧಾರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಇಂಡಿಯಾಬ್ ಅಧ್ಯಯನ. 31 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 1,13,043 ವಯಸ್ಕರನ್ನು ಮನೆಮನೆಗೆ ಹೋಗಿ ಪರೀಕ್ಷಿಸಿದ ಈ ಅಧ್ಯಯನದ ಒಟ್ಟು ಫಲಿತಾಂಶ 2023ರಲ್ಲಿ ಪ್ರಕಟವಾಯಿತು. 20 ವರ್ಷ ದಾಟಿದವರಲ್ಲಿ ಶೇ. 11.4 ಮಂದಿಗೆ ಮಧುಮೇಹ, ಶೇ. 15.3 ಮಂದಿಗೆ ಅದರ ಹಿಂದಿನ ಹಂತ ಎಂಬ ಸಂಖ್ಯೆಗಳು ಪತ್ರಿಕೆಗಳಲ್ಲೂ ಬಂದವು. ಅವುಗಳ ಒಳಗಿನ ಇನ್ನೊಂದು ವಿವರಕ್ಕೆ ಅಷ್ಟು ಗಮನ ಸಿಗಲಿಲ್ಲ. ಮಧುಮೇಹ ನಗರಗಳಲ್ಲಿ ಶೇ. 16.4, ಹಳ್ಳಿಗಳಲ್ಲಿ ಶೇ. 8.9, ಸುಮಾರು ದುಪ್ಪಟ್ಟು ಅಂತರ. ಪೂರ್ವಹಂತದಲ್ಲಿ ಮಾತ್ರ ಆ ಅಂತರವೇ ಇಲ್ಲ: ನಗರದಲ್ಲಿ ಶೇ. 15.4, ಹಳ್ಳಿಯಲ್ಲಿ ಶೇ. 15.2. ಅಂದರೆ ಮುಂದಿನ ವರ್ಷಗಳಲ್ಲಿ ಈ ಹೊರೆ ಹೆಚ್ಚಾಗಿ ಬೀಳಬಹುದಾದದ್ದು ತಜ್ಞ ವೈದ್ಯರೂ ಪ್ರಯೋಗಾಲಯಗಳೂ ಕಡಿಮೆಯಿರುವ ಹಳ್ಳಿಗಳ ಮೇಲೆ. ಇಲ್ಲೊಂದು ಎಚ್ಚರಿಕೆಯೂ ಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೂ ಜಿಲ್ಲಾವಾರು ಸಕ್ಕರೆಯ ಅಂಕಿ ಕೊಡುತ್ತದೆ. ಆದರೆ ಅದು ಹೊತ್ತು ನೋಡದೆ ಬೆರಳು ಚುಚ್ಚಿ ತೆಗೆದ ಒಂದೇ ಹನಿ ರಕ್ತದ ಫಲ. 140 ಮಿಲಿಗ್ರಾಂ ದಾಟಿದರೆ ‘ಹೆಚ್ಚು’ ಎಂದು ಬರೆದುಕೊಳ್ಳುತ್ತದೆ. ಅದು ರೋಗನಿರ್ಣಯವಲ್ಲ. ಇಂಡಿಯಾಬ್‌ನ ಅಂಕಿಯ ಪಕ್ಕದಲ್ಲಿಟ್ಟು ಏರಿತು, ಇಳಿಯಿತು ಎನ್ನಲು ಬರುವುದಿಲ್ಲ.

ಈ ಶೇಕಡಾವಾರನ್ನು ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ಮಟ್ಟಕ್ಕೆ ಇಳಿಸಿ ನೋಡಬೇಕು. ಬಯಲುಸೀಮೆಯ ಪಿಎಚ್‌ಸಿಯೊಂದಕ್ಕೆ ಸರ್ಕಾರ ಇಟ್ಟುಕೊಂಡಿರುವ ಮಾನದಂಡ 30,000 ಜನ. ಅವರಲ್ಲಿ ಶೇ. 65ರಷ್ಟು ಮಂದಿ 20 ವರ್ಷ ದಾಟಿದವರೆಂದು ಅಂದಾಜಿಸಿದರೆ 19,500 ವಯಸ್ಕರು. ದೇಶದ ಗ್ರಾಮೀಣ ಸರಾಸರಿಯಾದ ಶೇ. 8.9ನ್ನೇ ಹಿಡಿದರೂ ಒಂದು ಪಿಎಚ್‌ಸಿ ವ್ಯಾಪ್ತಿಯಲ್ಲಿ ಸುಮಾರು 1,735 ಮಂದಿ ಮಧುಮೇಹಿಗಳು. ಎಲ್ಲರೂ ಪತ್ತೆಯಾಗಿ, ಎಲ್ಲರೂ ತಿಂಗಳಿಗೊಮ್ಮೆ ಸರ್ಕಾರಿ ಕೇಂದ್ರಕ್ಕೇ ಬಂದರೆ, ತಿಂಗಳಿಗೆ 25 ಕೆಲಸದ ದಿನಗಳಂತೆ ದಿನಕ್ಕೆ 69 ಜನ ಶುಗರ್‌ಗೆಂದೇ ಸಾಲಿನಲ್ಲಿ ನಿಲ್ಲುತ್ತಾರೆ. ಬಿಪಿಯವರು, ಜ್ವರದವರು, ಬಸುರಿಯರು, ಚುಚ್ಚುಮದ್ದಿಗೆ ಬಂದ ಕೂಸುಗಳು ಇದರ ಮೇಲೆ. ಬಹಳಷ್ಟು ಕಡೆ ಇರುವುದು ಒಬ್ಬರೇ ವೈದ್ಯಾಧಿಕಾರಿ. ದಿನಕ್ಕೆರಡು ಮೆಟ್‌ಫಾರ್ಮಿನ್ ಎಂದರೆ ತಿಂಗಳಿಗೆ ಒಂದು ಲಕ್ಷ ನಾಲ್ಕು ಸಾವಿರ ಮಾತ್ರೆ, ಒಂದೇ ಕೇಂದ್ರಕ್ಕೆ. ಖಾಸಗಿ ವೈದ್ಯರ ಬಳಿ ಹೋಗುವವರನ್ನೂ ಬೇರೆ ಔಷಧಿಯವರನ್ನೂ ಕಳೆದರೆ ಸಂಖ್ಯೆ ಇಳಿಯುತ್ತದೆ, ನಿಜ. ಅರ್ಧಕ್ಕೆ ಇಳಿದರೂ ಇಂದಿನ ವ್ಯವಸ್ಥೆ ತಾಳುವ ಭಾರ ಅದಲ್ಲ.

ಇದೇ 1,735 ಮಂದಿಯನ್ನು ಆರು ಉಪಕೇಂದ್ರಗಳಿಗೆ ಹಂಚಿ. ಒಂದೊಂದಕ್ಕೆ 289 ಜನ, ದಿನಕ್ಕೆ ಹನ್ನೆರಡು. ಸಕ್ಕರೆ ಹತೋಟಿಗೆ ಬಂದವರಿಗೆ ಒಮ್ಮೆಗೇ ಮೂರು ತಿಂಗಳ ಮಾತ್ರೆ ಕೊಟ್ಟರೆ ಅದು ಇನ್ನೂ ಕಡಿಮೆಯಾಗುತ್ತದೆ. ಉಪಕೇಂದ್ರದ ಸಮುದಾಯ ಆರೋಗ್ಯಾಧಿಕಾರಿಗೆ ಇದು ಆಗುವ ಕೆಲಸ, ಮಾತ್ರೆ ಮತ್ತು ಗ್ಲುಕೋಮೀಟರಿನ ಸ್ಟ್ರಿಪ್ ಅಲ್ಲಿಯವರೆಗೆ ತಪ್ಪದೆ ತಲುಪಿದರೆ. ಯೋಜನೆಯ ನಿಜವಾದ ಪರೀಕ್ಷೆ ಈ ‘ತಲುಪಿದರೆ’ಯಲ್ಲಿದೆ ಎಂದು ನನ್ನ ಅಭಿಪ್ರಾಯ.

ಪತ್ತೆಯಿಂದ ಚಿಕಿತ್ಸೆಯವರೆಗಿನ ದಾರಿಯಲ್ಲಿ ರೋಗಿ ಎಲ್ಲಿ ಕೈತಪ್ಪುತ್ತಾರೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಆಶಾ ಕಾರ್ಯಕರ್ತೆ 30 ದಾಟಿದ ಪ್ರತಿಯೊಬ್ಬರಿಗೂ ಒಂದು ನಮೂನೆ ತುಂಬುತ್ತಾರೆ. ವಯಸ್ಸು, ತಂಬಾಕು, ಮದ್ಯ, ಸೊಂಟದ ಸುತ್ತಳತೆ, ವಾರಕ್ಕೆ 150 ನಿಮಿಷದ ದೈಹಿಕ ಚಟುವಟಿಕೆ, ಮನೆಯಲ್ಲಿ ಬಿಪಿ ಶುಗರ್ ಯಾರಿಗಾದರೂ ಇದೆಯೇ ಎಂಬ ಪ್ರಶ್ನೆ, ಒಂದೊಂದಕ್ಕೂ ಅಂಕ. ನಾಲ್ಕು ದಾಟಿದರೆ ಅಪಾಯದ ಗುಂಪು. ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟುವ 52ರ ಹೆಂಗಸೊಬ್ಬರನ್ನು ಊಹಿಸಿಕೊಳ್ಳಿ. ವಯಸ್ಸಿಗೆ ಮೂರು, 84 ಸೆಂಟಿಮೀಟರ್ ಸೊಂಟಕ್ಕೆ ಒಂದು, ಕೂತು ಮಾಡುವ ಕೆಲಸಕ್ಕೆ ಒಂದು, ತಾಯಿಗೆ ಶುಗರ್ ಇದ್ದುದಕ್ಕೆ ಎರಡು, ಒಟ್ಟು ಏಳು. ಬೆರಳು ಚುಚ್ಚಿ ನೋಡಿದಾಗ 190 ಬಂತೆನ್ನೋಣ. ಇದು ಖಚಿತವಲ್ಲ, ಖಾಲಿ ಹೊಟ್ಟೆಯಲ್ಲಿ ಪಿಎಚ್‌ಸಿಗೆ ಬನ್ನಿ, ಆಮೇಲೆ ತಿಂದು ಎರಡು ಗಂಟೆಗೆ ಇನ್ನೊಮ್ಮೆ ರಕ್ತ ಕೊಡಿ ಎನ್ನುತ್ತಾರೆ. ಬೆಳಗಿನ ಬಸ್ಸು ಹಿಡಿದು ಹೋಗಿ, ಪ್ರಯೋಗಾಲಯ ತಂತ್ರಜ್ಞರು ಬರುವವರೆಗೆ ಹಸಿದು ಕೂತು, ಮಧ್ಯಾಹ್ನದ ತನಕ ಕಾದರೆ ಆ ದಿನದ ಬೀಡಿ ಕಟ್ಟಿದಂತಾಗಲಿಲ್ಲ, ಮಜೂರಿಯೂ ಇಲ್ಲ. ಅವರಿಗೆ ನೋವಿಲ್ಲ, ಜ್ವರವಿಲ್ಲ. ‘ಮುಂದಿನ ವಾರ ಹೋದರಾಯಿತು’ ಎನಿಸುವುದು ಸಹಜ. ಅವರು ತಪಾಸಣೆಯ ಲೆಕ್ಕದಲ್ಲಿ ಸೇರಿಯಾಯಿತು. ಚಿಕಿತ್ಸೆಯ ಲೆಕ್ಕದಲ್ಲಿ ಇನ್ನೂ ಇಲ್ಲ. ಜನರಿಗೆ ತಿಳಿವಳಿಕೆ ಸಾಲದು ಎಂದು ಇದನ್ನು ಬರೆದು ಕೈತೊಳೆದುಕೊಳ್ಳುವುದು ಅನ್ಯಾಯ. ಖಾಲಿ ಹೊಟ್ಟೆಯ ಪರೀಕ್ಷೆಯನ್ನು ವಾರದಲ್ಲಿ ಒಂದು ಬೆಳಿಗ್ಗೆ ಏಳು ಗಂಟೆಗೆ ಉಪಕೇಂದ್ರದಲ್ಲೇ ಮಾಡಿದರೆ ಅವರ ಒಂದು ದಿನ ಉಳಿಯುತ್ತದೆ.

ಕರ್ನಾಟಕಕ್ಕೆ ಈ ಕ್ಷೇತ್ರ ಹೊಸತೇನಲ್ಲ. ಮಧುಮೇಹ, ಹೃದ್ರೋಗ, ಕ್ಯಾನ್ಸರ್, ಪಾರ್ಶ್ವವಾಯುಗಳ ರಾಷ್ಟ್ರೀಯ ಕಾರ್ಯಕ್ರಮ 2010ರಲ್ಲಿ ದೇಶದ 100 ಜಿಲ್ಲೆಗಳಲ್ಲಿ ಆರಂಭವಾದಾಗ ಕೋಲಾರ, ಶಿವಮೊಗ್ಗ, ಉಡುಪಿ ಅವುಗಳಲ್ಲಿದ್ದವು. 2017ರ ಹೊತ್ತಿಗೆ 30 ದಾಟಿದ ಎಲ್ಲರ ತಪಾಸಣೆ ನೀತಿಯಾಯಿತು. 2024ರಲ್ಲಿ ರಾಜ್ಯ ಸರ್ಕಾರ ಕೋಲಾರ ಜಿಲ್ಲೆಯಲ್ಲಿ ಪ್ರಾಯೋಗಿಕವಾಗಿ ‘ಗೃಹ ಆರೋಗ್ಯ’ ಆರಂಭಿಸಿ, ಮರುವರ್ಷ ಉಳಿದ ಜಿಲ್ಲೆಗಳಿಗೂ ವಿಸ್ತರಿಸಿತು. ಆರೋಗ್ಯ ಸಿಬ್ಬಂದಿ ಮನೆಗೇ ಹೋಗಿ ಮಧುಮೇಹ, ರಕ್ತದೊತ್ತಡ ಸೇರಿ ಹದಿನಾಲ್ಕು ಅಸಾಂಕ್ರಾಮಿಕ ಸಮಸ್ಯೆಗಳನ್ನು ಪರೀಕ್ಷಿಸುವ ಯೋಜನೆ ಇದು. ಮನೆಬಾಗಿಲಿಗೆ ಹೋಗುವ ಸಂಕಲ್ಪ ದೊಡ್ಡದು, ಅದನ್ನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಹದಿನಾಲ್ಕರ ಪಟ್ಟಿ ಹಿಡಿದು ಒಮ್ಮೆ ಮನೆಗೆ ಹೋಗುವುದಕ್ಕಿಂತ ಎರಡೇ ಕಾಯಿಲೆಗೆ ವರ್ಷದಲ್ಲಿ ಹನ್ನೆರಡು ಬಾರಿ ಹೋಗುವುದು ಕಷ್ಟದ ಕೆಲಸ, ಜೀವ ಉಳಿಸುವ ಕೆಲಸವೂ ಅದೇ.

ಈ ಎರಡನೆಯ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿ ನೋಡಿದ್ದು ತಮಿಳುನಾಡು. ‘ಮಕ್ಕಳೈ ತೇಡಿ ಮರುತ್ತುವಂ’ 2021ರ ಆಗಸ್ಟ್ 5ರಂದು ಶುರುವಾದದ್ದು ನಮ್ಮ ಗಡಿಗೆ ಹೊಂದಿದ ಕೃಷ್ಣಗಿರಿ ಜಿಲ್ಲೆಯ ಸಾಮನಪಳ್ಳಿ ಎಂಬ ಹಳ್ಳಿಯಲ್ಲಿ; ಹೊಸೂರು ಕಡೆಯ ಕನ್ನಡ ಮಾತನಾಡುವ ಮನೆಗಳೂ ಆ ಜಿಲ್ಲೆಯಲ್ಲಿವೆ. ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳನ್ನು ಆರೋಗ್ಯ ಸ್ವಯಂಸೇವಕಿಯರನ್ನಾಗಿ ತರಬೇತುಗೊಳಿಸಿ, ಬಿಪಿ ಮತ್ತು ಶುಗರ್ ಮಾತ್ರೆಗಳನ್ನು ಅವರ ಕೈಯಲ್ಲಿ ಮನೆಗೆ ಕಳಿಸುವುದು ಅದರ ತಿರುಳು. ಯೋಜನೆಗೆ ಮೊದಲು, 2020ರಲ್ಲಿ ಆ ರಾಜ್ಯ ವಿಶ್ವ ಆರೋಗ್ಯ ಸಂಸ್ಥೆಯ ‘ಸ್ಟೆಪ್ಸ್’ ಮಾದರಿಯಲ್ಲಿ ಸಮೀಕ್ಷೆ ನಡೆಸಿತ್ತು. ಮಧುಮೇಹ ಇರುವವರಲ್ಲಿ ಸಕ್ಕರೆ ಹತೋಟಿಯಲ್ಲಿದ್ದವರು ಶೇ. 10.8 ಮಾತ್ರ ಎಂದು ಗೊತ್ತಾಯಿತು. ನಂತರದ ಸುತ್ತಿನಲ್ಲಿ ಅದು ಶೇ. 17ರ ಆಸುಪಾಸಿಗೆ ಏರಿತು. ಈ ಏರಿಕೆ ಪೂರ್ತಿ ಯೋಜನೆಯದೇ ಎನ್ನಲು ಹೋಲಿಕೆಯ ಗುಂಪು ಇಲ್ಲ. ಕೋವಿಡ್ ಕಾಲದ ಏರುಪೇರು ನಡುವೆ ಇದೆ. ಏರಿದ ಮೇಲೂ ಆರರಲ್ಲಿ ಐವರ ಸಕ್ಕರೆ ಹತೋಟಿಯಲ್ಲಿಲ್ಲ ಎಂಬುದೂ ಅಷ್ಟೇ ನಿಜ. ನನಗೆ ಮುಖ್ಯವಾಗಿ ಕಾಣುವುದು ಬೇರೆ: ತನ್ನ ವೈಫಲ್ಯದ ಅಂಕಿಯನ್ನು ಮೊದಲು ಅಳೆದುಕೊಂಡು, ಯೋಜನೆ ರೂಪಿಸಿ, ಮತ್ತೆ ಅದೇ ಅಳತೆಗೋಲಿನಿಂದ ಅಳೆಯಲು ಒಂದು ರಾಜ್ಯ ಒಪ್ಪಿತು. ಇದರ ಬೆನ್ನಿಗೆ ಇನ್ನೊಂದು ಬಲವಿತ್ತು. 1994ರಲ್ಲಿ ಸ್ಥಾಪನೆಯಾದ ಅಲ್ಲಿನ ವೈದ್ಯಕೀಯ ಸೇವಾ ನಿಗಮ ದಶಕಗಳಿಂದ ಔಷಧಿ ಖರೀದಿ ಮತ್ತು ಜಿಲ್ಲಾ ಉಗ್ರಾಣಗಳನ್ನು ನಡೆಸಿಕೊಂಡು ಬಂದಿದೆ. ಉಗ್ರಾಣದಲ್ಲಿ ಮಾತ್ರೆ ಇಲ್ಲದೆ ಸ್ವಯಂಸೇವಕಿಯನ್ನು ಮನೆಗೆ ಕಳಿಸಿದರೆ ಜನರ ನಂಬಿಕೆ ಎರಡೇ ತಿಂಗಳಲ್ಲಿ ಹೋಗುತ್ತದೆ. ನಮ್ಮ ರಾಜ್ಯ ಆ ಮಾದರಿ ತರುವುದಾದರೆ ಕ್ರಮವೂ ಅದೇ ಇರಬೇಕು, ಉಗ್ರಾಣ ಮೊದಲು.

ಕಾಯಿಲೆ ಬಾರದಂತೆ ತಡೆಯುವುದೇ ಮೇಲಲ್ಲವೇ ಎಂಬ ಪ್ರಶ್ನೆ ಸರಿಯಾದದ್ದೇ. ಅದಕ್ಕೆ ನಮ್ಮ ನೆಲದ್ದೇ ಪುರಾವೆ ಇದೆ. ಚೆನ್ನೈನ ಎ. ರಾಮಚಂದ್ರನ್ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಪೂರ್ವಹಂತದ 531 ಮಂದಿ ಇದ್ದರು. ಮೂರು ವರ್ಷದಲ್ಲಿ, ಸಾಮಾನ್ಯ ಸಲಹೆ ಮಾತ್ರ ಪಡೆದವರಲ್ಲಿ ಶೇ. 55 ಮಂದಿಗೆ ಮಧುಮೇಹ ಬಂತು. ಊಟ ಮತ್ತು ನಡಿಗೆಯ ಬಗ್ಗೆ ನಿರಂತರ ಮಾರ್ಗದರ್ಶನ ಪಡೆದವರಲ್ಲಿ ಶೇ. 39.3. ಇದು ದೊಡ್ಡ ಲಾಭ, ಹೇಳಿಕೊಳ್ಳುವಂಥ ತೂಕ ಇಳಿಯದೆಯೇ ಸಿಕ್ಕ ಲಾಭ. ಆದರೂ ಮಾರ್ಗದರ್ಶನ ಪಡೆದ ಹತ್ತರಲ್ಲಿ ನಾಲ್ವರು ರೋಗಿಗಳಾದರು ಎಂಬುದನ್ನು ಯೋಜಕರು ಮರೆಯಬಾರದು. ಆಸ್ಪತ್ರೆಯ ತಜ್ಞರ ಬದಲು ಊರಿನವರೇ ಗುಂಪು ನಡೆಸಿದರೆ ಏನಾಗುತ್ತದೆ ಎಂಬುದನ್ನು ಕೇರಳ ಪರೀಕ್ಷಿಸಿತು. ತಿರುವನಂತಪುರ ಜಿಲ್ಲೆಯ ನೆಯ್ಯಾಟ್ಟಿನ್‌ಕರ ತಾಲ್ಲೂಕಿನ 60 ಮತಗಟ್ಟೆ ಪ್ರದೇಶಗಳ 1,007 ಮಂದಿಯ ಮೇಲಿನ ಆ ಪ್ರಯೋಗದಲ್ಲಿ ಎರಡು ವರ್ಷದ ಕೊನೆಗೆ ಮಧುಮೇಹ ಬಂದವರು ಗುಂಪಿನ ನೆರವಿಲ್ಲದವರಲ್ಲಿ ಶೇ. 17.1, ಗುಂಪಿನಲ್ಲಿದ್ದವರಲ್ಲಿ ಶೇ. 14.9. ಹಣ್ಣು ತರಕಾರಿ ತಿನ್ನುವುದು ಹೆಚ್ಚಿತು, ಆದರೆ ಮಧುಮೇಹದಲ್ಲಿನ ವ್ಯತ್ಯಾಸ ಸಂಖ್ಯಾಶಾಸ್ತ್ರದ ಲೆಕ್ಕದಲ್ಲಿ ಖಚಿತವಾಗಲಿಲ್ಲ. ತಡೆಗಟ್ಟುವಿಕೆಯನ್ನು ಕೈಬಿಡಲು ಇದು ಕಾರಣವಲ್ಲ. ಜಾಗೃತಿ ಶಿಬಿರ, ನಡಿಗೆ ಜಾಥಾಗಳಿಂದಲೇ ಚಿಕಿತ್ಸೆಯ ಖರ್ಚು ಉಳಿಯುತ್ತದೆ ಎಂದು ಆಯವ್ಯಯದಲ್ಲಿ ಬರೆಯಲು ಮಾತ್ರ ಆಧಾರ ಸಾಲದು.

ತಡೆಯಲು ಹೆಚ್ಚು ಫಲ ಸಿಗುವ ಜಾಗ ಯಾವುದು? ಮೈಸೂರು ಒಂದು ಸುಳಿವು ಕೊಟ್ಟಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1934ರಿಂದ ಹೆರಿಗೆಯ ದಾಖಲೆಗಳನ್ನು ಜತನವಾಗಿ ಇಟ್ಟಿತ್ತು: ಕೂಸಿನ ತೂಕ, ಉದ್ದ, ತಾಯಿಯ ತೂಕ. ಕ್ಯಾರೊಲಿನ್ ಫಾಲ್ ಮತ್ತು ಸಂಗಡಿಗರು ಆ ದಾಖಲೆ ಹಿಡಿದು, ನಡುವಯಸ್ಸು ತಲುಪಿದ್ದ 506 ಮಂದಿಯನ್ನು ಹುಡುಕಿ ಪರೀಕ್ಷಿಸಿ 1998ರಲ್ಲಿ ಫಲಿತಾಂಶ ಪ್ರಕಟಿಸಿದರು. ಶೇ. 15 ಮಂದಿಗೆ ಮಧುಮೇಹವಿತ್ತು. ಇಂಗ್ಲೆಂಡಿನಲ್ಲಿ ಹುಟ್ಟುವಾಗ ತೂಕ ಕಡಿಮೆ ಇದ್ದವರಿಗೆ ಮುಂದೆ ಮಧುಮೇಹ ಹೆಚ್ಚು ಎಂದು ಕಂಡಿತ್ತು. ಮೈಸೂರಿನಲ್ಲಿ ಹೆಚ್ಚು ಕಂಡದ್ದು ಹುಟ್ಟುವಾಗ ಉದ್ದಕ್ಕೆ ಹೋಲಿಸಿದರೆ ದಪ್ಪಗಿದ್ದವರಲ್ಲಿ, ತೂಕದ ತಾಯಂದಿರ ಮಕ್ಕಳಲ್ಲಿ. ತಾಯಿಗೆ ಗರ್ಭಾವಸ್ಥೆಯಲ್ಲಿ ಸಕ್ಕರೆ ಏರಿದ್ದಿರಬಹುದು ಎಂಬ ಊಹೆಗೆ ಅದು ದಾರಿ ಮಾಡಿತು. ಅದೇ ಆಸ್ಪತ್ರೆಯಲ್ಲಿ 1997-98ರಲ್ಲಿ ಶುರುವಾದ ಇನ್ನೊಂದು ಅಧ್ಯಯನದಲ್ಲಿ ಶೇ. 6.2 ಗರ್ಭಿಣಿಯರಿಗೆ ಗರ್ಭಾವಸ್ಥೆಯ ಮಧುಮೇಹ ಕಂಡುಬಂತು.

ಇಂಥ ಹೆಂಗಸರಿಗೆ ಮುಂದೆ ಮಧುಮೇಹ ಬರುವ ಅಪಾಯ ಉಳಿದವರಿಗಿಂತ ಹಲವು ಪಟ್ಟು ಹೆಚ್ಚು, ಮಕ್ಕಳಿಗೂ ಅಪಾಯವಿದೆ. ಹೆರಿಗೆಯಾದ ಆರು ವಾರಕ್ಕೆ 75 ಗ್ರಾಂ ಗ್ಲುಕೋಸ್ ಕುಡಿಸಿ ಮತ್ತೆ ಪರೀಕ್ಷಿಸಬೇಕೆಂದು ರಾಷ್ಟ್ರೀಯ ಮಾರ್ಗಸೂಚಿಯೇ ಹೇಳುತ್ತದೆ. ಆದರೆ ಆ ಹೊತ್ತಿಗೆ ಬಾಣಂತಿ ತವರಿನಲ್ಲಿರುತ್ತಾಳೆ, ಬೇರೊಂದು ಪಿಎಚ್‌ಸಿಯ ವ್ಯಾಪ್ತಿಯಲ್ಲಿ. ತಾಯಿ ಕಾರ್ಡ್ ಹೆರಿಗೆ ಮತ್ತು ಮಗುವಿನ ಲಸಿಕೆಯ ಸುತ್ತ ರೂಪುಗೊಂಡದ್ದು; ತಾಯಿಯ ಸಕ್ಕರೆಯನ್ನು ಹಿಂಬಾಲಿಸುವ ಹೊಣೆ ಯಾರದೂ ಅಲ್ಲದಂತಾಗುತ್ತದೆ. ಆರನೇ ವಾರಕ್ಕೆ ಕೂಸಿನ ಲಸಿಕೆಗೆಂದು ಅವಳು ಬಂದೇ ಬರುತ್ತಾಳೆ. ಅದೇ ದಿನ, ಅದೇ ಬೆಂಚಿನ ಮೇಲೆ ಅವಳಿಗೂ ಗ್ಲುಕೋಸ್ ಕೊಟ್ಟು ರಕ್ತ ತೆಗೆಯುವುದು, ನಂತರ ವರ್ಷಕ್ಕೊಮ್ಮೆ ಕರೆಯುವುದು ರಾಜ್ಯ ಯೋಜನೆಯಲ್ಲಿ ಪ್ರತ್ಯೇಕ ಸಾಲಾಗಿ ಬರಬೇಕು. ತಡೆಗಟ್ಟುವಿಕೆಗೆ ಇಷ್ಟು ಸ್ಪಷ್ಟವಾಗಿ ಹೆಸರು, ವಿಳಾಸ ಸಮೇತ ಸಿಗುವ ಇನ್ನೊಂದು ಗುಂಪು ನಮ್ಮಲ್ಲಿಲ್ಲ.

ಆಹಾರದ ಬಗ್ಗೆ ಒಂದೇ ಮಾತು. ಪಡಿತರದಲ್ಲಿ ಅಕ್ಕಿಯ ಜೊತೆ ದಕ್ಷಿಣದಲ್ಲಿ ರಾಗಿ, ಉತ್ತರದಲ್ಲಿ ಜೋಳ ಕೊಡುವುದನ್ನು ಬಲಪಡಿಸಬೇಕು, ಬೇಳೆಯೂ ಸೇರಬೇಕು. ಆದರೆ ರಾಗಿ ತಿಂದರೆ ಸಕ್ಕರೆ ಏರುವುದಿಲ್ಲ ಎಂಬ ಪ್ರಚಾರ ಬೇಡ. ಎರಡು ದೊಡ್ಡ ಮುದ್ದೆಯಲ್ಲಿರುವ ಪಿಷ್ಟವೂ ಪಿಷ್ಟವೇ.

ಹಾಗಾದರೆ ಯೋಜನೆಯ ಪ್ರಗತಿ ಅಳೆಯಲು ಯಾವ ಅಂಕಿ ಕೇಳಬೇಕು? ವಿಶ್ವ ಆರೋಗ್ಯ ಸಭೆ 2022ರಲ್ಲಿ 2030ಕ್ಕೆಂದು ಗುರಿಗಳನ್ನು ಗೊತ್ತುಮಾಡಿದೆ: ಮಧುಮೇಹಿಗಳಲ್ಲಿ ಶೇ. 80 ಪತ್ತೆಯಾಗಬೇಕು, ಪತ್ತೆಯಾದವರಲ್ಲಿ ಶೇ. 80 ಮಂದಿಯ ಸಕ್ಕರೆಯೂ ಅಷ್ಟೇ ಮಂದಿಯ ರಕ್ತದೊತ್ತಡವೂ ಹತೋಟಿಯಲ್ಲಿರಬೇಕು, ಒಂದನೇ ಬಗೆಯ ಮಧುಮೇಹಿಗಳೆಲ್ಲರಿಗೂ ಕೈಗೆಟುಕುವ ಇನ್ಸುಲಿನ್ ಸಿಗಬೇಕು. ಇಂಡಿಯಾಬ್ ಪ್ರಕಾರ ದೇಶದಲ್ಲಿ ಕಾಯಿಲೆ ಗೊತ್ತಿರುವವರಲ್ಲಿ ಸಕ್ಕರೆ ಹತೋಟಿಯಲ್ಲಿರುವವರು ಶೇ. 36.3, ಸಕ್ಕರೆ, ರಕ್ತದೊತ್ತಡ, ಕೊಲೆಸ್ಟರಾಲ್ ಮೂರೂ ಸರಿಯಿರುವವರು ಶೇ. 7.7. ಪ್ರತಿ ಉಪಕೇಂದ್ರವೂ ಒಂದೇ ಅಂಕಿ ಕೊಟ್ಟರೆ ಸಾಕು: ಹೋದ ವರ್ಷ ಇದೇ ತ್ರೈಮಾಸಿಕದಲ್ಲಿ ನೋಂದಾಯಿಸಿದ ನೂರು ಮಂದಿಯಲ್ಲಿ ಈಗ ಎಷ್ಟು ಮಂದಿಯ ಸಕ್ಕರೆ ಹತೋಟಿಯಲ್ಲಿದೆ? ಬಾರದೆ ಉಳಿದವರನ್ನು ಲೆಕ್ಕದಿಂದ ಬಿಡಬಾರದು, ‘ಹತೋಟಿಯಲ್ಲಿಲ್ಲ’ ಎಂದೇ ಎಣಿಸಬೇಕು. ಆಗ ಮೊದಮೊದಲು ಅಂಕಿ ಕೆಟ್ಟದಾಗಿ ಕಾಣುತ್ತದೆ. ಕೆಟ್ಟ ಅಂಕಿ ಕೊಟ್ಟ ಆರೋಗ್ಯಾಧಿಕಾರಿಗೆ ನೋಟಿಸು ಹೋದರೆ ಮುಂದಿನ ತ್ರೈಮಾಸಿಕಕ್ಕೆ ಅಂಕಿ ತಾನಾಗಿ ಚೆನ್ನಾಗಿಬಿಡುತ್ತದೆ, ರೋಗಿಯ ಸ್ಥಿತಿ ಇದ್ದಲ್ಲೇ ಇರುತ್ತದೆ. ಆದ್ದರಿಂದ ಈ ಅಂಕಿಯನ್ನು ಸ್ಟ್ರಿಪ್, ಮಾತ್ರೆ, ಸಿಬ್ಬಂದಿ ಎಲ್ಲಿ ಸಾಲದು ಎಂದು ತಿಳಿಯಲು ಮಾತ್ರ ಬಳಸಬೇಕು.

ಕೊನೆಯದಾಗಿ ಗುಳೆ ಹೋಗುವವರ ಪ್ರಶ್ನೆ. ಮಳೆ ಕೈಕೊಟ್ಟ ವರ್ಷ ರಾಯಚೂರು, ಯಾದಗಿರಿ, ಕಲಬುರಗಿ ಕಡೆಯ ಕುಟುಂಬಗಳು ಬೆಂಗಳೂರಿನ ಕಟ್ಟಡ ಕೆಲಸಕ್ಕೋ, ಗೋವಾ, ಪುಣೆ, ಹೈದರಾಬಾದಿಗೋ ಹೊರಡುತ್ತವೆ. ಊರಿನ ಉಪಕೇಂದ್ರದ ದಾಖಲೆಯಲ್ಲಿ ಅವರು ಚಿಕಿತ್ಸೆ ಬಿಟ್ಟವರು. ಬೆಂಗಳೂರಿನ ಸರ್ಕಾರಿ ‘ನಮ್ಮ ಕ್ಲಿನಿಕ್’ಗೆ ಹೋದರೆ ಹೊಸ ರೋಗಿಗಳು, ಮತ್ತೆ ಖಾಲಿ ಹೊಟ್ಟೆಯ ಪರೀಕ್ಷೆಯಿಂದ ಶುರು. ಇದಕ್ಕೆ ದೊಡ್ಡ ತಂತ್ರಾಂಶ ಬರುವವರೆಗೆ ಕಾಯಬೇಕಿಲ್ಲ. ಗುಳೆ ಹೊರಡುವ ದಿನ ಊರಿನಲ್ಲಿ ಎಲ್ಲರಿಗೂ ಗೊತ್ತಿರುತ್ತದೆ, ಆಶಾಗಂತೂ ಗೊತ್ತೇ ಇರುತ್ತದೆ. ಆ ವಾರ ಮೂರು ತಿಂಗಳ ಮಾತ್ರೆ ಮತ್ತು ಔಷಧಿಯ ಹೆಸರು, ಪ್ರಮಾಣ, ಕೊನೆಯ ಪರೀಕ್ಷೆಯ ಅಂಕಿ ಬರೆದ ಚೀಟಿಯನ್ನು ಅವರ ಕೈಗೆ ಕೊಡಬೇಕು. ರಾಜ್ಯದ ಯಾವ ಸರ್ಕಾರಿ ಕೇಂದ್ರದಲ್ಲಿ ಆ ಚೀಟಿ ತೋರಿಸಿದರೂ ಮರುಪರೀಕ್ಷೆಗೆ ಕಾಯಿಸದೆ ಮಾತ್ರೆ ಕೊಡಬೇಕೆಂದು ಒಂದು ಸುತ್ತೋಲೆ ಹೊರಡಿಸಬೇಕು.