ಸುರಪುರ ಸಂಗ್ರಾಮ (1858)

ಸಗರನಾಡಿನ ಬೇಡ ನಾಯಕರ ಸಂಸ್ಥಾನವಾದ ಸುರಪುರವು ರಾಜಾ ವೆಂಕಟಪ್ಪ ನಾಯಕನ ಕಾಲದಲ್ಲಿ ಬ್ರಿಟಿಷರೊಡನೆ ನಡೆಸಿದ ಯುದ್ಧ. ಇದನ್ನು 1857ರ ಉತ್ತರ ಭಾರತದ ದಂಗೆಯ ಪ್ರತಿಧ್ವನಿ ಎಂದಷ್ಟೇ ನೋಡುವುದು ಸರಿಯಲ್ಲ. ಬೇರು ಇನ್ನೂ ಆಳದಲ್ಲಿದೆ. 1705ರಲ್ಲಿ ಔರಂಗಜೇಬನೇ ಖುದ್ದಾಗಿ ಈ ಮನೆತನದ ವಾಗಣಗೇರಿ ಕೋಟೆಗೆ ಮುತ್ತಿಗೆ ಹಾಕಿದಾಗ ಆಗಿನ ದೊರೆ ಪಿಡ್ಡ ನಾಯಕ ಕೋಟೆ ಬಿಟ್ಟರೂ ಸೆರೆ ಸಿಗಲಿಲ್ಲ. ಆ ಸ್ವಾಭಿಮಾನದ ಮನೆತನವನ್ನು ಮುಂದೆ ಹೈದರಾಬಾದಿನ ನಿಜಾಮನಿಗೆ ಕೊಡಬೇಕಾದ ನಜರಾಣೆ ಸಾಲದಲ್ಲಿ ಮುಳುಗಿಸಿತು. ವೆಂಕಟಪ್ಪ ನಾಯಕ ಬಾಲಕನಾಗಿದ್ದಾಗ ಆಡಳಿತ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರನ ಕೈಸೇರಿ, 1853ರವರೆಗೂ ಅಲ್ಲೇ ಉಳಿಯಿತು.

ಈ ಹಿನ್ನೆಲೆಯಲ್ಲಿ ನಡೆದ 1858ರ ಫೆಬ್ರವರಿ ಕಾಳಗದಲ್ಲಿ ಬ್ರಿಟಿಷ್ ಕ್ಯಾಪ್ಟನ್ ನ್ಯೂಬೆರಿ ಮಡಿದ. ಹೆಚ್ಚಿನ ಸೈನ್ಯ ಬರುವ ಸುಳಿವು ಸಿಕ್ಕು ರಾಜ ರಾತ್ರೋರಾತ್ರಿ ಹೈದರಾಬಾದಿಗೆ ತೆರಳಿ, ಅಲ್ಲಿ ಸೆರೆಯಾದ. ಇನ್ನೊಂದು ಸಂಸ್ಥಾನವಾದ ನರಗುಂದ ಬ್ರಿಟಿಷರ ವಿರುದ್ಧ ಎದ್ದದ್ದು ಅದೇ ವರ್ಷದ ಮೇ ತಿಂಗಳಲ್ಲಿ. ಎರಡೂ ಒಟ್ಟಿಗೆ ಸಿಡಿದಿದ್ದರೆ ಬ್ರಿಟಿಷರು ದಂಡನ್ನು ಹಂಚಬೇಕಾಗುತ್ತಿತ್ತು. ಸೋಲು ತಡವಾಗುತ್ತಿತ್ತು, ಬಹುಶಃ ತಪ್ಪುತ್ತಿರಲಿಲ್ಲ. ಇನ್ನೊಂದು ಸಾಧ್ಯತೆ ಹೆಚ್ಚು ನೋವಿನದು. ರಾಜನಿಗೆ ವಿಧಿಸಿದ ಮರಣದಂಡನೆ ಜೀವಾವಧಿಗೆ, ಕೊನೆಗೆ ನಾಲ್ಕು ವರ್ಷದ ಸೆರೆಗೆ ಇಳಿದು, ಸಂಸ್ಥಾನ ಮರಳುವ ಭರವಸೆಯೂ ಇತ್ತೆಂದು ಟೇಲರ್ ಆತ್ಮಕಥೆಯಲ್ಲಿ ಬರೆದಿದ್ದಾನೆ. ಆದರೆ ಮದರಾಸಿನತ್ತ ಒಯ್ಯುವಾಗ ದಾರಿಯಲ್ಲಿ ಗುಂಡೇಟಿನಿಂದ ರಾಜ ತೀರಿಕೊಂಡ. ಆತ್ಮಹತ್ಯೆಯೋ ಕೊಲೆಯೋ ಎಂಬ ವಾದ ಇಂದಿಗೂ ಇದೆ. 1860ರ ಒಪ್ಪಂದದಲ್ಲಿ ಸುರಪುರ ನಿಜಾಮನಿಗೆ ಸೇರಿತು.