ಸಾಂಕ್ರಾಮಿಕ ನಿರ್ಬಂಧ ಮತ್ತು ಕಾಮಗಾರಿ ವಿಳಂಬ (ಮಂಜಗುಣಿ)

ಮಂಜಗುಣಿ ಅಂಕೋಲಾ ತಾಲ್ಲೂಕಿನಲ್ಲಿ ಗಂಗಾವಳಿ ನದಿ ಸಮುದ್ರ ಸೇರುವೆಡೆಯ ಊರು. ಎದುರು ದಡದ ಗಂಗಾವಳಿ ಕುಮಟಾ ತಾಲ್ಲೂಕಿಗೆ ಸೇರಿದೆ. ಇಂಥಲ್ಲಿ ಸೇತುವೆಯ ಕಂಬ ಎಬ್ಬಿಸಲು ಸಿಗುವುದು ಮಳೆ ಬಿಟ್ಟ ಮೇಲಿನ ಏಳೆಂಟು ತಿಂಗಳು ಮಾತ್ರ. 2020ರ ಮಾರ್ಚ್ 25ರ ಲಾಕ್‌ಡೌನ್ ಬಡಿದದ್ದು ಆ ಹಂಗಾಮಿನ ಕೊನೆಯ, ಬಲು ಬೆಲೆಯುಳ್ಳ ವಾರಗಳಿಗೆ. ಏಪ್ರಿಲ್ 20ರಿಂದ ಗ್ರಾಮೀಣ ಕಾಮಗಾರಿಗೆ ಷರತ್ತಿನ ಅನುಮತಿ ಸಿಕ್ಕಿತು. ಆದರೆ ಕಾಗದದ ಅನುಮತಿ ಕಾಂಕ್ರೀಟ್ ಕಲಸುವುದಿಲ್ಲ: ಹೊರರಾಜ್ಯದ ಕಾರ್ಮಿಕರು ಊರಿನ ರೈಲಿಗಾಗಿ ಕಾಯುತ್ತಿದ್ದರು. ಮೇ ಮೊದಲ ವಾರ ಆ ರೈಲುಗಳನ್ನೇ ರದ್ದುಪಡಿಸಿದ ರಾಜ್ಯ ಸರ್ಕಾರ, ಟೀಕೆ ಎದ್ದ ಬಳಿಕ ನಿರ್ಧಾರ ಬದಲಿಸಿತು. ಕೆಲಸ ನಿಂತರೆ ಕರಾವಳಿಯ ಉಪ್ಪುಗಾಳಿಗೆ ಬಿಟ್ಟ ಸರಳು ಕೆಂಪಗೆ ತುಕ್ಕು ಹಿಡಿಯುತ್ತದೆ, ತೇವ ಕುಡಿದ ಸಿಮೆಂಟ್ ಚೀಲ ಕಲ್ಲಾಗುತ್ತದೆ. ಜೂನ್‌ನಲ್ಲಿ ಮಳೆ ಹಿಡಿದರೆ ಹೊಳೆಯೊಳಗಿನ ಕೆಲಸ ಮುಂದಿನ ಹಂಗಾಮಿಗೇ. ಹೀಗೆ ಎರಡು ತಿಂಗಳ ತಡೆ ಇಲ್ಲಿ ಅರ್ಧ ವರ್ಷವನ್ನೇ ನುಂಗಬಲ್ಲದು.

ಸರ್ಕಾರಿ ಗುತ್ತಿಗೆಗಳಲ್ಲಿ ಇಂಥ ವಿಳಂಬಕ್ಕೆ ‘ಅನಿವಾರ್ಯ ಸಂದರ್ಭ’ದ ಷರತ್ತು ಅನ್ವಯಿಸುತ್ತದೆ. ಕೇಂದ್ರ ಹಣಕಾಸು ಸಚಿವಾಲಯ 2020ರ ಮೇ 13ರಂದು ದಂಡವಿಲ್ಲದೆ 3ರಿಂದ 6 ತಿಂಗಳ ಅವಧಿ ವಿಸ್ತರಣೆಗೆ ಅವಕಾಶ ಕೊಟ್ಟಿತು. ಫೆಬ್ರುವರಿ 19ರ ವೇಳೆಗೇ ಮಾತಿಗೆ ತಪ್ಪಿದ್ದ ಗುತ್ತಿಗೆದಾರರಿಗೆ ಈ ರಿಯಾಯಿತಿ ಇರಲಿಲ್ಲ.